ಹುಳದ ಮನೆಯಲ್ಲಿ ಬೀಡಿ

ಬೈರಪ್ಪನ ಎಡಗಿವಿ ಹೊಸ್ತಿಲಿನ ಒಳಗೆ ಬಿತ್ತು. ಬೈರಪ್ಪ ಹೊರಗೆ ಬಿದ್ದ.

ತುಂತುರು ಹನಿಯುತ್ತಿದ್ದ ಮಧ್ಯಾಹ್ನ. ಕಂಬಳಿಯ ಕೊಪ್ಪೆ ಹಾಕಿದ್ದ ಆಸಾಮಿ ಮಚ್ಚನ್ನು ಮತ್ತೆ ಎತ್ತಿದ. ಈ ಸಲ ಅದು ಹೆಗಲಿಗೆ ಇಳಿಯಿತು. ಮೂಳೆ ಒಡೆದ ಸದ್ದು ವಕೀಲರ ಕಚೇರಿಯೊಳಗೆ ಕೂತಿದ್ದವರಿಗೂ ಕೇಳಿಸಿತು. ಇನ್ನೊಂದು ಏಟಿಗೆ ಗುಮಾಸ್ತೆ ಸಮದ್ ಅವಕಾಶ ಕೊಡಲಿಲ್ಲ. ಬಿದ್ದವನ ಎರಡೂ ಕಾಲು ಹಿಡಿದು, ರಾಗಿ ಮೂಟೆ ಎಳೆಯುವ ಹಾಗೆ ಒಳಕ್ಕೆ ಎಳೆದುಕೊಂಡ. ಕಿರಿಯ ವಕೀಲ ಬೋರಲಿಂಗಯ್ಯ ಬಾಗಿಲು ದಬ್ಬಿ ಅಗುಳಿ ಹಾಕಿದ. ಮಚ್ಚು ಹೊರಗಿನಿಂದ ಹಲಗೆಯನ್ನು ಒಮ್ಮೆ ಕಚ್ಚಿತು. ಆಮೇಲೆ ಓಡುವ ಹೆಜ್ಜೆಗಳು.

ಸಮದ್ ಕಿಟಕಿಗೆ ಮುಖ ಕೊಟ್ಟು ಬೀದಿಗೆ ಕೂಗಿದ. "ಯಾರವನು? ಮುಖ ಕಂಡೋರು ಯಾರ್ರೀ?"

ಕ್ಲೋಸ್‌ಪೇಟೆಯಲ್ಲಿ ಅಂದು ಸಂತೆ. ರೇಷ್ಮೆ ಗೂಡಿನ ಬುಟ್ಟಿ ಹೊತ್ತವರು, ಜಟಕಾದವರು, ಕಡಲೆಪುರಿ ಅಳೆಯುವವರು ಬೀದಿ ತುಂಬ ಇದ್ದರು. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ರಾಮದೇವರ ಬೆಟ್ಟದ ಕಡೆ ನೋಡತೊಡಗಿದರು. ಬೆಟ್ಟ ನಿನ್ನೆ ಇದ್ದ ಹಾಗೆಯೇ ಇತ್ತು.

"ಒಬ್ಬರಿಗೂ ಕಣ್ಣಿಲ್ಲ ಸಾಹೇಬ್ರೆ," ಎಂದ ಸಮದ್. ಹೊಸ್ತಿಲ ಬಳಿಯ ಕಿವಿಯನ್ನು ಒಂದು ಬಿಳಿ ಹಾಳೆಯ ಮೇಲೆತ್ತಿ ಮೇಜಿನ ಮೇಲಿಟ್ಟ. "ನಮಗೆ ಕಿವಿ ಸಿಕ್ತು. ಇದಕ್ಕೇನು ಎಕ್ಸಿಬಿಟ್ ನಂಬರ್ ಹಾಕ್ಲಾ?"

"ಬಾಯಿ ಮುಚ್ಚಿ ಬಟ್ಟೆ ತಗೊಂಡ್ ಬಾರೋ!" ಎಂದ ಬೋರಲಿಂಗಯ್ಯ.

ಸಮದ್ ಗೂಟದಿಂದ ಹಿರಿಯ ವಕೀಲರ ಕರಿಯ ಗೌನನ್ನೇ ಎಳೆದುಕೊಂಡು ಹೆಗಲಿಗೆ ಸುತ್ತಿದ. "ಕರೀದು. ರಕ್ತ ಕಾಣಾಕಿಲ್ಲ."

ಗೌನಿನ ಯಜಮಾನರು ಅಪ್ರಮೇಯಾಚಾರ್. ಬೆಳಿಗ್ಗೆಯೇ ಮಾಗಡಿ ಕೋರ್ಟಿಗೆಂದು ಕೊಡೆ ಹಿಡಿದು ಬಸ್ಸು ಹತ್ತಿದ್ದರು. ಮಾಗಡಿ, ಕಾನಕಾನಹಳ್ಳಿ, ಚನ್ನಪಟ್ಟಣ, ಕ್ಲೋಸ್‌ಪೇಟೆ, ಈ ನಾಲ್ಕೂ ಕಡೆಯ ಜಗಳ ಕೊನೆಗೆ ಬಂದು ಸೇರುತ್ತಿದ್ದುದು ಅವರ ಕಚೇರಿಗೆ. ಮಾಗಡಿಯಿಂದ ಹೊಲದ ಬದುವಿನ ತಕರಾರು, ಕಾನಕಾನಹಳ್ಳಿಯಿಂದ ಒಡೆದ ತಲೆಗಳು, ಚನ್ನಪಟ್ಟಣದಿಂದ ಬೊಂಬೆ ಮಾಡುವವರ ಮತ್ತು ನೂಲು ತೆಗೆಯುವವರ ವ್ಯಾಪಾರದ ವ್ಯಾಜ್ಯ. ಬಂದ ಜಗಳ ಇಲ್ಲಿ ವಾಸಿಯಾಗುತ್ತಿತ್ತು ಎನ್ನುವಂತಿಲ್ಲ. ಚೆನ್ನಾಗಿ ಬೆಳೆಯುತ್ತಿತ್ತು.

ಕಚೇರಿಗೆ ಎರಡು ಬಾಗಿಲು. ಮುಂದಿನದು ಸಂತೆ ಬೀದಿಗೆ. ಹಿತ್ತಲಿನದು ಬಾವಿಯ ಓಣಿಗೆ. ಅದು ಫೀಸು ಕೊಡಲಾಗದ ಬಡವರಿಗಾಗಿ ಎಂದು ಆಚಾರ್ಯರು ಹೇಳುತ್ತಿದ್ದರು. ಆ ಬಾಗಿಲಿನ ಮರ ಉಬ್ಬಿಹೋಗಿತ್ತು. ಬಳೆ ಹಿಡಿದು ಮೇಲಕ್ಕೆತ್ತಿ, ಮೊಣಕಾಲಿನಿಂದ ಒಮ್ಮೆ ಗುದ್ದಿದರೆ ಮಾತ್ರ ತೆರೆಯುತ್ತಿತ್ತು. ಹೊಸಬರು ತಳ್ಳಿ ತಳ್ಳಿ ಬೆವೆತು, ಮುಂದಿನ ಬಾಗಿಲಿಗೇ ಬರುತ್ತಿದ್ದರು.

ಸಾಕ್ಷಿಗೆ ಪಾಠ ಹೇಳುವುದರಲ್ಲಿ ಆಚಾರ್ಯರದು ಎತ್ತಿದ ಕೈ. ಬೋರಲಿಂಗಯ್ಯ ಕೆಲಸಕ್ಕೆ ಸೇರಿದ ವಾರದಲ್ಲೇ ಕೂರಿಸಿಕೊಂಡು ಉಪದೇಶ ಮಾಡಿದ್ದರು. "ಸಾಕ್ಷಿಯ ಕೈ ಖಾಲಿ ಇರಬಾರದಪ್ಪ. ಸುಮ್ಮನೆ ನಿಂತಿದ್ದೆ ಅಂದವನು ಸುಳ್ಳನ ಹಾಗೆ ಕಾಣ್ತಾನೆ. ಕೈಗೊಂದು ಬೀಡಿ ಕೊಡು, ಎಲೆ ಅಡಿಕೆ ಕೊಡು. ಆಗ ಮ್ಯಾಜಿಸ್ಟ್ರೇಟರ ಕಣ್ಣಿಗೆ ಅಲ್ಲೊಬ್ಬ ಮನುಷ್ಯ ಕೂತಿರ್ತಾನೆ."

"ನಾನು ಡಾಕ್ಟರ್ ಕರ್ಕೊಂಡು ಬರ್ತೀನಿ," ಎಂದು ಸಮದ್ ಎದ್ದ. "ಅಗುಳಿ ಹಾಕ್ಕೊಳ್ಳಿ. ನಾನು ಅಂತ ಹೇಳಿದ್ರೂ ತೆಗೀಬ್ಯಾಡಿ, ನನ್ನ ಬೈಗುಳ ಕೇಳಿದ ಮೇಲೆ ತೆಗೀರಿ." ಅವನು ಬೀದಿಗೆ ನುಗ್ಗಿದ. ಬೋರಲಿಂಗಯ್ಯ ಅಗುಳಿ ಬಿಗಿದು ಬಂದು ನೆಲಕ್ಕೆ ಕೂತ.

ಬೈರಪ್ಪ ಸತ್ತಿರಲಿಲ್ಲ. ಸಾಯಬಾರದಾಗಿತ್ತು ಕೂಡ. ಚನ್ನಪಟ್ಟಣದ ಲಾಕಪ್ಪಿನಲ್ಲಿ ಕೂತಿದ್ದ, ಈ ಕಚೇರಿಯ ಕಕ್ಷಿಗಾರ್ತಿ ಚಿಕ್ಕಲಕ್ಷ್ಮಮ್ಮ ಎಂಬ ವಿಧವೆಯ ಕುತ್ತಿಗೆ ಈಗ ಈ ಒಂದು ಕಿವಿಯ ಮನುಷ್ಯನ ನಾಲಿಗೆಯ ಮೇಲೆ ನಿಂತಿತ್ತು.

ಅವಳ ಕಥೆ ದೊಡ್ಡದಲ್ಲ. ದೊಡ್ಡಮಳೂರಿನ ಹತ್ತಿರ ಹಿಪ್ಪುನೇರಳೆ ತೋಟವಿದ್ದ ಮೂವರು ಅಣ್ಣತಮ್ಮಂದಿರು. ಕಿರಿಯವನು ಮಕ್ಕಳಿಲ್ಲದೆ ಸತ್ತ. ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಮೊದಲಾಗಿದ್ದರೆ ಅವಳಿಗೆ ಅನ್ನ, ಬಟ್ಟೆ, ಒಲೆಯ ಮುಂದೆ ಒಂದು ಮೂಲೆ ಸಿಗುತ್ತಿತ್ತು. ಮೈಸೂರು ಸರ್ಕಾರ ಹೆಣ್ಣುಮಕ್ಕಳ ಹಕ್ಕಿಗೆಂದು ಹೊಸ ಕಾಯಿದೆ ಮಾಡಿ ಎಡವಟ್ಟು ಮಾಡಿತು. ಅಣ್ಣತಮ್ಮಂದಿರು ಪಾಲಾಗುವಾಗ, ಸತ್ತ ತಮ್ಮನ ಹೆಂಡತಿಗೂ ಒಂದು ಪಾಲು. ನಡುವಿನವನಾದ ಲಕ್ಷ್ಮಯ್ಯ, "ಪಾಲಾಗಾನ, ವಾರಗಿತ್ತೀರ್ಗೆ ಯಾಕೆ ಜಗಳ, ಆಯಮ್ಮಂದು ಆಯಮ್ಮನಿಗೆ ಹೋಗ್ಲಿ," ಎಂದ. ಹಿರಿಯ ದೊಡ್ಡಹನುಮಯ್ಯ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದ.

ವಾರ ಕಳೆಯುವುದರೊಳಗೆ ಲಕ್ಷ್ಮಯ್ಯ ಹಿಪ್ಪುನೇರಳೆ ಸಾಲಿನ ನಡುವೆ ಬಿದ್ದಿದ್ದ. ಕುತ್ತಿಗೆ ಹಿಂದಿನಿಂದ ಅರ್ಧ ಕಡಿದುಹೋಗಿತ್ತು, ಬೆರಳುಗಳು ಸೊಪ್ಪಿನ ಕಟ್ಟನ್ನು ಇನ್ನೂ ಹಿಡಿದಿದ್ದವು. ರಕ್ತ ಮೆತ್ತಿದ ಕುಡುಗೋಲು ಚಿಕ್ಕಲಕ್ಷ್ಮಮ್ಮನ ಗುಡಿಸಲಿನ ಸೌದೆಯ ಕೆಳಗೆ ಸಿಕ್ಕಿತು. ಸಬ್ ಇನ್ಸ್‌ಪೆಕ್ಟರರ ತರ್ಕ ಸರಳವಾಗಿತ್ತು: ವಕೀಲರ ಹತ್ತಿರ ಹೋದ ಹೆಂಗಸು ಏನು ಬೇಕಾದರೂ ಮಾಡಬಲ್ಲಳು.

ಆ ಮಧ್ಯಾಹ್ನ ದೊಡ್ಡಹನುಮಯ್ಯ ಎಲ್ಲಿದ್ದ? ಅದಕ್ಕೆ ಉತ್ತರ ಬೈರಪ್ಪ, ಆ ಮನೆಯಲ್ಲಿ ರೇಷ್ಮೆ ಹುಳ ಮೇಯಿಸುವ ಆಳು. ನಿನ್ನೆ ಚನ್ನಪಟ್ಟಣದ ಕೋರ್ಟಿನಲ್ಲಿ ಕೈ ಮುಗಿದು ನಿಂತು ಹೇಳಿದ್ದ: "ನಮ್ ಗೌಡ್ರು ನಾನೂ ಉಳದ ಮನೇಲೇ ಇದ್ದೋ ಸ್ವಾಮಿ. ತಟ್ಟೆಗೆ ಸೊಪ್ಪು ಆಕ್ತಾ, ಬೀಡಿ ಸೇದ್ತಾ ಕುಂತಿದ್ದೋ."

ಮ್ಯಾಜಿಸ್ಟ್ರೇಟರು ತಲೆಯಾಡಿಸಿ ಬರೆದುಕೊಂಡರು. ಅವರು ಬೆಂಗಳೂರಿನವರು.

ಬೋರಲಿಂಗಯ್ಯ ಕಾನಕಾನಹಳ್ಳಿಯ ಕಡೆಯ ಒಕ್ಕಲಿನ ಮನೆಯ ಮಗ. ಹುಳದ ತಟ್ಟೆಯ ಸದ್ದು ಕೇಳುತ್ತ ಬೆಳೆದವನು. ಅವನ ಸೋದರಮಾವ ಒಮ್ಮೆ ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಹುಳಕ್ಕೆ ಸೊಪ್ಪು ಹಾಕಿದ್ದ. ಒಂದು ತಟ್ಟೆಯ ಹುಳವೆಲ್ಲ ತಲೆ ಎತ್ತಿ, ಹಸಿರು ಕಕ್ಕಿ, ಮುರುಟಿ ಸತ್ತಿತ್ತು. ಅವನ ತಾಯಿ ಕಾವೇರಮ್ಮ ಸ್ವಂತ ತಮ್ಮನನ್ನು ಪೊರಕೆ ಹಿಡಿದು ಊರ ಬಾಗಿಲವರೆಗೆ ಅಟ್ಟಿದ್ದಳು. ಹುಳ ಸಾಕುವವನು ಮನೆಯ ಹೆಣವನ್ನಾದರೂ ಒಳಗೆ ಇಟ್ಟುಕೊಂಡಾನು, ಬೀಡಿಯನ್ನು ಇಟ್ಟುಕೊಳ್ಳಲಾರ.

ಆದ್ದರಿಂದ ಪಾಟೀಸವಾಲನ್ನು ನಾಳೆಗೆ ಕೇಳಿಕೊಂಡಿದ್ದ. ಇವತ್ತು ಸಾಕ್ಷಿಯೇ ಕಿವಿ ಬಿಟ್ಟು ಒಳಗೆ ಬಂದಿದ್ದ.

"ಬೈರಪ್ಪ, ಕೇಳಿಸ್ತದಾ?"

"ಒಂದ್ ಕಡೆ ಕೇಳ್ತದೆ ವಕೀಲ್ರೆ," ಎಂದ ಬೈರಪ್ಪ. ನಗಲು ಹೋಗಿ ನರಳಿದ. "ಒಸಿ ನೀರು..."

ನೀರು ಗುಟುಕರಿಸಿ ಉಸಿರು ಹಿಡಿದು ಹೇಳಿದ. "ಬೆಳಿಗ್ಗೆ ಗೌಡ ಮಚ್ಚು ಮಸೀತಿದ್ದ. 'ಬೈರ, ನಾಳೆ ನೀನು ಕೋಲ್ಟಿಗೆ ಬರಾದು ಬ್ಯಾಡ' ಅಂದ. ಯಾಕ್ ಗೌಡ್ರೆ ಅಂದೆ. ಮಸೀತಾ ಮಸೀತಾನೇ ಯೋಳ್ದ. ಓಡ್ಬಂದ್ಬುಟ್ಟೆ."

"ಯಾಕಂತೆ?"

"ಬೀಡಿ ವಿಸ್ಯ ನಿಮಗೆ ಗೊತ್ತಾಗೋಯ್ತಂತೆ. ನಾಳೆ ನೀವು ಅದ್ನೇ ಇಡ್ಕಂಡು ಅಲ್ಲಾಡಿಸ್ತೀರಂತೆ. ನಾನು ಎಲ್ಲಾ ಕಕ್ಬುಡ್ತೀನಂತೆ."

ಬೋರಲಿಂಗಯ್ಯನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಬೀಡಿಯ ವಿಷಯವನ್ನು ಅವನು ಕೋರ್ಟಿನಲ್ಲಿ ಎತ್ತಿರಲಿಲ್ಲ. ಸಮದ್‌ಗೂ ಹೇಳಿರಲಿಲ್ಲ, ಸಮದ್‌ಗೆ ಹೇಳಿದ್ದು ಮಸೀದಿಯಿಂದ ದೇವಸ್ಥಾನದವರೆಗೆ ಗೊತ್ತಾಗುತ್ತಿತ್ತು.

"ಆ ಬೀಡಿ ಮಾತು ನಿನಗೆ ಹೇಳಿಕೊಟ್ಟಿದ್ದು ಯಾರು?"

"ನಾನು ಅಂದೆ ವಕೀಲ್ರೆ, ಉಳದ ಮನೇಲಿ ಬೀಡಿ ಸೇದಾಕಿಲ್ಲ ಅಂತ. ಅದ್ಕವ್ರು... 'ಮ್ಯಾಜಿಸ್ಟ್ರೇಟರೇನು ಹುಳ ಸಾಕಿದ್ದಾರೇನಯ್ಯಾ' ಅಂದ್ಬುಟ್ರು."

"ಯಾರು ಅಂದಿದ್ದು?"

ಬೈರಪ್ಪನ ಕಣ್ಣು ಮೇಲಕ್ಕೆ ಹೊರಳಿತು. ಎದೆ ಮಾತ್ರ ಏರಿಳಿಯುತ್ತಿತ್ತು.

ಆಗ ಹಿತ್ತಲ ಬಾಗಿಲಿನ ಬಳೆ ಅಲ್ಲಾಡಿತು.

ಬೋರಲಿಂಗಯ್ಯ ಸಮಾಧಾನಪಟ್ಟುಕೊಂಡ. ಹೊಸಬನಾದರೆ ತಳ್ಳಿ ತಳ್ಳಿ ಸುಸ್ತಾಗಲಿ ಎಂದುಕೊಂಡ. ಹೊರಗಿದ್ದವನು ತಳ್ಳಲಿಲ್ಲ. ಬಳೆ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿದ. ಮೊಣಕಾಲಿನಿಂದ ಒಮ್ಮೆ ಗುದ್ದಿದ.

ಬಾಗಿಲು ಮನೆಯವನಿಗೆ ತೆರೆಯುವ ಹಾಗೆ ತೆರೆಯಿತು. ಒಳಗೆ ಬಂದವನು ದೊಡ್ಡಹನುಮಯ್ಯ.

ಕೊಪ್ಪೆಯನ್ನು ತೆಗೆದು ಮೂಲೆಗೆ ಎಸೆದ. ಪಂಚೆಯ ಮೇಲೆ ರಕ್ತ ಚಿಮ್ಮಿತ್ತು. ಮಚ್ಚಿನ ಮೇಲಿದ್ದುದನ್ನು ಮಳೆ ಅರ್ಧ ತೊಳೆದಿತ್ತು.

"ಇನ್ನೂ ಉಸ್ರಾಡ್ತಾವ್ನಾ?" ಎಂದ, ಹಟ್ಟಿಯ ಎಮ್ಮೆಯನ್ನು ವಿಚಾರಿಸುವ ದನಿಯಲ್ಲಿ.

"ಹೊರಗೆ ಹೋಗಿ ಗೌಡ್ರೆ. ಇದು ವಕೀಲರ ಕಚೇರಿ."

"ಗೊತ್ತು ಕಣ್ಲಾ. ನಿನಗಿಂತ ಎಚ್ಚಾಗಿ ಗೊತ್ತು. ಆ ಕಡೀಕೆ ಹೋಗ್ಲಾ. ನೀನೂ ಒಕ್ಕಲ ಮಗ, ಹೆಣ್ಣೆಂಗ್ಸಿಗೆ ಬೂಮಿ ಕೊಡ್ಸಾಕೆ ನಿಂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

"ನಾಚಿಕೆಯ ವಿಷಯ ಆಮೇಲೆ ಮಾತಾಡೋಣ. ಅದನ್ನು ಕೆಳಗಿಡಿ."

ದೊಡ್ಡಹನುಮಯ್ಯ ಇಡಲಿಲ್ಲ, ಬೀಸಿದ. ಬೋರಲಿಂಗಯ್ಯ ಮೇಜಿನ ಮೇಲಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಎದುರು ಹಿಡಿದ. ಸಿಕ್ಕಿದ್ದು ಹೈಕೋರ್ಟ್ ತೀರ್ಪುಗಳ ಒಂದು ದಪ್ಪ ಸಂಪುಟ. ಆಚಾರ್ಯರು ಅದನ್ನು ಕಕ್ಷಿಗಾರರನ್ನು ಹೆದರಿಸಲು ಇಟ್ಟಿದ್ದರೇ ಹೊರತು ಬಿಡಿಸಿದ್ದನ್ನು ಕಂಡವರಿಲ್ಲ. ಮಚ್ಚು ರಟ್ಟನ್ನು ಸೀಳಿ ನಡುವಿನ ಪುಟಗಳವರೆಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಆ ಪುಸ್ತಕದಿಂದ ಒಬ್ಬ ವಕೀಲನಿಗಾದರೂ ಪ್ರಯೋಜನವಾದದ್ದು ಅದೇ ಮೊದಲು.

ದೊಡ್ಡಹನುಮಯ್ಯ ಹಿಡಿ ಎಳೆದ. ಬೋರಲಿಂಗಯ್ಯ ಪುಸ್ತಕ ಬಿಡಲಿಲ್ಲ. ಇಬ್ಬರೂ ಒಂದು ಸುತ್ತು ತಿರುಗಿದರು. ಮೇಜು ಮಗುಚಿತು, ಮಸಿಯ ಕುಡಿಕೆ ಒಡೆಯಿತು, ಬಿಳಿ ಹಾಳೆಯ ಮೇಲಿದ್ದ ಕಿವಿ ಎಲ್ಲೋ ಹಾರಿತು. ಗೌಡನ ತಲೆ ಬೋರಲಿಂಗಯ್ಯನ ಮೂಗಿಗೆ ಅಪ್ಪಳಿಸಿತು. ಬಾಯಿಗೆ ಬಿಸಿ ರಕ್ತ ಇಳಿಯಿತು. ಕಾಗದ ಹಾರದಂತೆ ಇಟ್ಟಿದ್ದ ಬೆಟ್ಟದ ಕಲ್ಲೊಂದು ಕಾಲಿಗೆ ತಗುಲಿತು. ಅದನ್ನೆತ್ತಿ ಗೌಡನ ಬಲಗೈ ಬೆರಳುಗಳ ಮೇಲೆ ಜಜ್ಜಿದ. ಇನ್ನೊಮ್ಮೆ ಜಜ್ಜಿದ. ಕಡ್ಡಿ ಮುರಿದ ಸದ್ದು.

ದೊಡ್ಡಹನುಮಯ್ಯ ಕೂಗಲಿಲ್ಲ. ಗೋಡೆಗೆ ಒರಗಿ ಜಾರಿ ಕೂತು, ಸೊಟ್ಟಗಾದ ಬೆರಳುಗಳನ್ನು ಎಡಗೈಯಲ್ಲಿ ಎತ್ತಿ ಹಿಡಿದು ನೋಡಿಕೊಂಡ. ಮಚ್ಚು ಕಚ್ಚಿಕೊಂಡಿದ್ದ ಪುಸ್ತಕ ಇಬ್ಬರ ನಡುವೆ ನೆಲದ ಮೇಲೆ ಬಿದ್ದಿತ್ತು.

ಬೋರಲಿಂಗಯ್ಯ ಮೂಗು ಒರೆಸಿಕೊಂಡ. "ಒಂದು ಮಾತು ಕೇಳ್ತೀನಿ ಗೌಡ್ರೆ. ಒಡಹುಟ್ಟಿದ ತಮ್ಮನ ಕುತ್ತಿಗೆ ಕಡಿದರೆ ನಿಮಗೇನು ಬಂತು?"

"ನಾನ್ಯಾಕೆ ಕಡೀಲಿ? ಉಳದ ಮನೇಲಿದ್ದೆ."

"ಬೀಡಿ ಸೇದುತ್ತಾ?"

ದೊಡ್ಡಹನುಮಯ್ಯ ಮುಖ ತಿರುಗಿಸಿದ. ಸುಳ್ಳಿಗೆ ಅವನು ಹೆದರುತ್ತಿರಲಿಲ್ಲ, ಆ ಸುಳ್ಳಿಗೆ ಮಾತ್ರ ಅವನಿಗೂ ನಾಚಿಕೆಯಾಗುತ್ತಿತ್ತು.

"ನಾನೇ ಹೇಳ್ತೀನಿ ಕೇಳಿ," ಎಂದ ಬೋರಲಿಂಗಯ್ಯ. "ಲಕ್ಷ್ಮಯ್ಯ ಬದುಕಿದ್ದರೆ ಪಾಲು ಕೇಳ್ತಿದ್ದ. ಪಾಲಾದರೆ ಚಿಕ್ಕಲಕ್ಷ್ಮಮ್ಮನಿಗೂ ಹೋಗ್ತಿತ್ತು. ಅವನಿಗೂ ಗಂಡು ಮಕ್ಕಳಿಲ್ಲ, ನಿಮಗೂ ಇಲ್ಲ. ಅವನೇ ಇಲ್ಲದಿದ್ದರೆ ಪಾಲು ಕೇಳೋರಿಲ್ಲ, ತೋಟ ಪೂರ್ತಿ ನಿಮ್ಮದು. ಹಾಗಂತ ಯಾರೋ ನಿಮಗೆ ಕಾಯಿದೆ ಓದಿ ಹೇಳಿದ್ದಾರೆ."

"ಇರೋದು ಅಂಗೇ ತಾನೇ?"

"ಅರ್ಧ ಹಾಗೆ. ಇನ್ನರ್ಧ ಅದರ ಕೆಳಗೇ ಇದೆ. ಪಾಲಾಗದೆ ಉಳಿದವರೆಲ್ಲ ಸತ್ತು, ಆಸ್ತಿ ಒಬ್ಬನ ಕೈಗೇ ಬಂದರೂ, ಅದು ಹೆಂಗಸರ ಪಾಲಿನ ಸಮೇತ ಬರುತ್ತೆ. ಚಿಕ್ಕಲಕ್ಷ್ಮಮ್ಮನ ಪಾಲು ತಪ್ಪಲಿಲ್ಲ ಗೌಡ್ರೆ. ಮೇಲೆ ಲಕ್ಷ್ಮಯ್ಯನ ಹೆಂಡತಿಯನ್ನೂ ನೀವೇ ವಿಧವೆ ಮಾಡಿದಿರಿ, ಅವಳಿಗೂ ಒಂದು ಪಾಲು. ತಮ್ಮನ ಪಾಲು ಉಳಿಸಿಕೊಳ್ಳೋಕೆ ಹೋಗಿ ಹೆಂಗಸರಿಬ್ಬರಿಗೆ ಕೊಟ್ಟಿರಿ."

ಹೊರಗೆ ಜಟಕಾದ ಗೆಜ್ಜೆಯೊಂದು ಹಾದುಹೋಯಿತು. ದೊಡ್ಡಹನುಮಯ್ಯನ ಬಾಯಿ ಅರ್ಧ ತೆರೆದಿತ್ತು. ಕೈ ಮುರಿದಾಗ ಬಾರದಿದ್ದ ನೋವು ಈಗ ಮುಖಕ್ಕೆ ಬಂದಿತು.

"ಸುಳ್ಳು," ಎಂದ.

"ಕಾಯಿದೆ ಅಚ್ಚಾದ ಗೆಜೆಟ್ ಅಲ್ಲೇ ಬಿದ್ದಿದೆ. ಓದಿಸಿಕೊಳ್ಳಿ."

"ಅಂಗಾರೆ... ಲಕ್ಷ್ಮಯ್ಯನ್ನ ನಾನು ಸುಮ್‌ಸುಮ್ಕೆ ಕಡಿದ್ನಾ?" ದನಿ ಒಡೆಯಿತು. "ನನ್ನ ನೋಡ್ಲೂ ಇಲ್ಲ ಕಣ್ಲಾ ಅವ್ನು. 'ಅಣ್ಣ, ಈ ಸಾಲು ಮುಗಿಸ್ಬುಟ್ಟು ಬತ್ತೀನಿ' ಅಂದ. ಅಂಗೇ ಬಗ್ಗಿದ್ದ." ಅವನು ತಲೆಯನ್ನು ಗೋಡೆಗೆ ಮೆಲ್ಲಗೆ ಕುಟ್ಟಿಕೊಂಡ. "ಕೆಳಗಿಂದು ಅಯ್ನೋರು ಯೋಳ್ಳೇ ಇಲ್ಲ. ಅಯ್ನೋರು ಅಂಗನ್ನಲೇ ಇಲ್ಲ."

"ಯಾವ ಅಯ್ನೋರು?"

ಕೇಳುವಾಗಲೇ ಬೋರಲಿಂಗಯ್ಯನಿಗೆ ಉತ್ತರ ಗೊತ್ತಿತ್ತು. ಬೀಡಿಯ ವಿಷಯವನ್ನು ಅವನು ನಿನ್ನೆ ಸಂಜೆ ಒಬ್ಬರಿಗೆ ಹೇಳಿದ್ದ. ಅವರು ಬೆನ್ನು ತಟ್ಟಿ "ಭೇಷ್" ಅಂದಿದ್ದರು. ಹಿತ್ತಲ ಬಾಗಿಲನ್ನು ಎತ್ತಿ ಗುದ್ದುವುದನ್ನು ಗೌಡನಿಗೆ ಕಲಿಸಿದವರು, ಖಾಲಿ ಕೈಯ ಸಾಕ್ಷಿಯನ್ನು ಸಹಿಸದವರು, ರೇಷ್ಮೆಯ ಮಡಿ ಉಟ್ಟು ದಿನವೂ ಪೂಜೆ ಮಾಡಿ, ಒಂದು ದಿನವೂ ರೇಷ್ಮೆ ಹುಳವನ್ನು ಕಂಡಿರದವರು.

ದೊಡ್ಡಹನುಮಯ್ಯನ ಕಣ್ಣು ಬೋರಲಿಂಗಯ್ಯನ ಹೆಗಲಾಚೆಗೆ ಹೋಗಿ ಅಲ್ಲಿಯೇ ನಿಂತಿತು.

ತೆರೆದ ಹಿತ್ತಲ ಬಾಗಿಲಲ್ಲಿ ಅಪ್ರಮೇಯಾಚಾರ್ ನಿಂತಿದ್ದರು. ಮಾಗಡಿಗೆ ಹೋದವರ ಪಂಚೆಯಲ್ಲಿ ಒಂದು ಹನಿ ಕೆಸರಿರಲಿಲ್ಲ. ಅವರು ಕೊಡೆ ಮಡಿಸಿ, ನೀರು ಒಳಗೆ ಬೀಳದಂತೆ ಹೊರಗೆ ಕೊಡವಿದರು. ಮಗುಚಿದ ಮೇಜನ್ನು, ಕರಿ ಗೌನಿನಲ್ಲಿ ಸುತ್ತಿದ್ದ ಬೈರಪ್ಪನನ್ನು, ಸೀಳಿದ ಸಂಪುಟವನ್ನು ಒಂದೊಂದಾಗಿ ನೋಡಿದರು.

"ಗೌನು ಹಾಳು ಮಾಡಿದ್ದೀರಲ್ಲಪ್ಪ," ಎಂದರು.

"ಸಾರ್, ಕಾಯಿದೆಯ ಕೆಳಗಿನ ಭಾಗ ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿಲ್ಲದೆ ಏನು ಬೋರಲಿಂಗ?" ಆಚಾರ್ಯರ ದನಿಯಲ್ಲಿ ನಿಜವಾದ ಬೇಸರವಿತ್ತು, ಜಾಣ ಶಿಷ್ಯ ದಡ್ಡ ಪ್ರಶ್ನೆ ಕೇಳಿದಾಗ ಬರುವಂಥದು. "ಅಣ್ಣತಮ್ಮಂದಿರು ರಾಜಿಯಾಗಿ ಪಾಲಾಗಿದ್ದರೆ ಒಂದೇ ದಿನದಲ್ಲಿ ಮುಗಿದುಹೋಗ್ತಿತ್ತು. ಈಗ ನೋಡು. ಒಂದು ಕೊಲೆ ಕೇಸು, ಇಬ್ಬರು ವಿಧವೆಯರ ದಾವೆ. ನನ್ನ ಕಾಲ ಮುಗಿದು ನಿನ್ನ ಕಾಲಕ್ಕೂ ಸಾಕಾಗ್ತಿತ್ತು. ನೀನೊಬ್ಬ ಬೀಡಿ ಹಿಡಿದುಕೊಂಡು ಬಂದೆ."

ಮೂಲೆಯಲ್ಲಿ ಬೈರಪ್ಪ ನರಳಿದ. ಸಮದ್ ಇನ್ನೂ ಬಂದಿರಲಿಲ್ಲ. ಮುಂದಿನ ಬಾಗಿಲಿಗೆ ಅಗುಳಿಯನ್ನು ಬೋರಲಿಂಗಯ್ಯ ತಾನೇ ಬಿಗಿದಿದ್ದ. ಚಿಕ್ಕಲಕ್ಷ್ಮಮ್ಮನನ್ನು ಬಿಟ್ಟರೆ, ಅವಳು ಕೊಂದಿಲ್ಲ ಎಂದು ಬಲ್ಲವರು ಭೂಮಿಯ ಮೇಲೆ ಇದ್ದಷ್ಟೂ ಜನ ಈಗ ಈ ಒಂದು ಕೋಣೆಯಲ್ಲಿದ್ದರು. ನಾಳೆ ಅವಳ ಪರವಾಗಿ ಕೋರ್ಟಿನಲ್ಲಿ ಎದ್ದು ನಿಲ್ಲಬೇಕಾದ ಹಿರಿಯ ವಕೀಲರೂ ಸೇರಿ.

"ಹನುಮಯ್ಯ," ಎಂದರು ಆಚಾರ್ಯರು, ಕೊಡೆಯನ್ನು ಗೋಡೆಗೆ ಒರಗಿಸುತ್ತ. "ಆ ಬಾಗಿಲು ಹಾಕು."

ದೊಡ್ಡಹನುಮಯ್ಯ ಎದ್ದ. ಎಡಗೈಯಲ್ಲಿ ಬಳೆ ಹಿಡಿದು ಬಾಗಿಲನ್ನು ಎತ್ತಿದ, ಮೊಣಕಾಲಿನಿಂದ ಗುದ್ದಿದ. ಬಾಗಿಲು ಕೂತುಕೊಂಡಿತು, ಕೋಣೆ ಅರೆಗತ್ತಲಾಯಿತು. ಹಿಂದಿರುಗಿ ಬಂದು ಸಂಪುಟದ ಮೇಲೆ ಕಾಲಿಟ್ಟು, ಎಡಗೈಯಿಂದ ಮಚ್ಚನ್ನು ಕಿತ್ತುಕೊಂಡ. ಹರಿದ ಪುಟವೊಂದು ಅಲಗಿಗೆ ಅಂಟಿಕೊಂಡೇ ಬಂತು.

"ಅಯ್ನೋರೆ," ಎಂದ ಅವನು, ಬಲು ಮೆತ್ತಗೆ. "ಗೊತ್ತಿತ್ತು ಅಂದ್ರಾ?"

ಅಪ್ರಮೇಯಾಚಾರ್ ಬಾಯಿ ತೆರೆದರು. ಅವರ ಕೈಗಳು ಖಾಲಿ ಇದ್ದವು.